ಕಟಕಟೆಯಲ್ಲಿ ಆಡಿದ ಮಾತು
ನಾನು ಸಂಭಾಷಣೆ ಬರೆಯುವ ಕೋರ್ಟ್ ಧಾರಾವಾಹಿಯಲ್ಲಿ ಜಾತಿ ಮೀರಿ ಮದುವೆಯಾದ ಹುಡುಗಿಯ ಕೇಸು ಬಂತು. "ಯಾರ ಜೊತೆ ಹೋಗ್ತೀಯಮ್ಮ?" ಎಂದು ಜಡ್ಜ್ ಕೇಳಿದಾಗ ಅವಳು ಹೇಳಲೆಂದು ಎರಡು ಪುಟ ಬರೆದಿದ್ದೆ. ಕೃಷ್ಣಮೂರ್ತಿಪುರಂನ ಹಳೇ ಛತ್ರದಲ್ಲಿ ರಿಹರ್ಸಲ್ ನಡೆದಿತ್ತು. ಕೋರ್ಟಿನ ಜನರಾಗಿ ಸುಮ್ಮನೆ ಕೂರಲು ಬಂದಿದ್ದ ಮೇಟಗಳ್ಳಿಯ ಹೆಂಗಸೊಬ್ಬರು ಎದ್ದು ನಿಂತರು.

"ಅಷ್ಟುದ್ದ ಮಾತು ಬರಲ್ಲ ಕಣ್ರೀ. ನಾನೂ ಅಂಗೇ ಮದ್ವೆ ಆಗಿ ಕೋರ್ಟಲ್ಲಿ ನಿಂತೋಳು. ಎದುರಿಗೇ ಅಪ್ಪ ಇದ್ರು."

"ನೀವೇನಂದ್ರಿ?"

"ಗಂಡನ್ನ ತೋರ್ಸಿ 'ಇವರ ಜೊತೆ' ಅಂದೆ. ಅಷ್ಟಂದು ಕಟಕಟೆ ಗಟ್ಟಿಯಾಗಿ ಹಿಡ್ಕಂಡ್ಬುಟ್ಟೆ."

ನಾನು ಎರಡೂ ಪುಟ ಹೊಡೆದುಹಾಕಿ ಅವರ ಮಾತನ್ನಷ್ಟೇ ಇಟ್ಟೆ. ಹೇಗೆ ನಿಲ್ಲಬೇಕೆಂದು ನಟಿಗೂ ಅವರೇ ತೋರಿಸಿಕೊಟ್ಟರು.

ಕಂತು ಪ್ರಸಾರವಾದಾಗ, "ಇಷ್ಟು ವರ್ಷದಲ್ಲಿ ನೀವು ಬರೆದ ಒಳ್ಳೇ ಡೈಲಾಗ್ ಇದೇ" ಎಂದು ಹೆಂಡತಿ ಹೊಗಳಿದಳು. ನಿಜ ಹೇಳುವ ಧೈರ್ಯ ಬರಲು ನನಗೆ ಒಂದು ವಾರ ಹಿಡಿಯಿತು.