ಭಾವ ಮತ್ತು ಬುದ್ಧಿವಂತರ ಕ್ಲಾಸು

ನಮ್ಮ ಭಾವನಿಗೆ ಟೈಲ್ಸ್ ಅಂಗಡಿ. ಅಕ್ಕನನ್ನು ಮದುವೆಯಾದ ದಿನದಿಂದ ನೋಡುತ್ತಿದ್ದೇನೆ, ಅವರ ಲೆಕ್ಕದಲ್ಲಿ ಲೋಕವೆಂದರೆ ಎರಡೇ ರಾಶಿ: ಫಸ್ಟ್ ಕ್ವಾಲಿಟಿ ಒಂದು, ಮಿಕ್ಕಿದ್ದು ಇನ್ನೊಂದು. ಗಿರಾಕಿಗಳನ್ನೂ ನೆಂಟರನ್ನೂ ಹಾಗೆಯೇ ವಿಂಗಡಿಸುತ್ತಾರೆ. ಹೊಲಿಗೆ ಮೆಷಿನ್ ತುಳಿದು ಬದುಕುವ ನಾನು ಯಾವ ರಾಶಿ ಎಂದು ಕೇಳುವ ಗೋಜಿಗೆ ಹೋಗಿಲ್ಲ.

ದೊಡ್ಡ ಮಗಳು ಎಷ್ಟನೇ ಕ್ಲಾಸು ಎಂದು ಯಾರಾದರೂ ಕೇಳಿದರೆ ಅಕ್ಕನ ಮುಖ ನೋಡುತ್ತಿದ್ದ ಮನುಷ್ಯ. ಅಂಥವರಿಗೆ ಒಂದು ದಿನ ಸ್ಕೂಲಿನಿಂದ ಫೋನ್ ಬಂತು. ವಿಶೇಷ ಬುದ್ಧಿಯ ಮಕ್ಕಳಿಗೆಂದು ಹೊಸ ತರಗತಿ ಶುರುವಾಗುತ್ತಿದೆ, ಮೂರನೇ ಕ್ಲಾಸಿನಿಂದ ನಿಮ್ಮ ಮಗಳನ್ನು ಆರಿಸಿದ್ದೇವೆ, ಶನಿವಾರ ತಂದೆತಾಯಿಯರಿಗೆ ಅದರ ಪರಿಚಯ ಮಾಡಿಕೊಡುತ್ತೇವೆ, ಬನ್ನಿ ಎಂದರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಕ್ಷೌರದ ಅಂಗಡಿಯವನಿಗೆ, ಬಾತ್‌ರೂಮ್ ಟೈಲ್ಸ್ ನೋಡಲು ಬಂದ ಹೊಸ ದಂಪತಿಗೆ, ಕಡೆಗೆ ರಾಂಗ್ ನಂಬರ್ ಎಂದು ಫೋನಿಡಲು ಹೊರಟವನಿಗೂ ಹೇಳಿದರು. "ರಕ್ತದಲ್ಲೇ ಬಂದಿರೋದು" ಎಂದು ಸೇರಿಸಲು ಮರೆಯುತ್ತಿರಲಿಲ್ಲ. ಯಾರ ರಕ್ತ ಎಂದು ಅಕ್ಕ ಕೇಳಲಿಲ್ಲ.

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಶನಿವಾರ ಅವಳಿಗೆ ಡ್ಯೂಟಿ. "ಜೊತೆಗೆ ನೀನು ಹೋಗೇ. ಅವರು ಬಾಯಿ ಬಿಡದ ಹಾಗೆ ನೋಡ್ಕೋ" ಎಂದಳು. ಹರಿಯುವ ನಲ್ಲಿಗೆ ಅಂಗೈ ಒತ್ತಿ ಹಿಡಿ ಎಂದ ಹಾಗಾಯಿತು.

ಸಭೆ ಸ್ಕೂಲಿನ ಲೈಬ್ರರಿಯಲ್ಲಿ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ದೊಡ್ಡವರೆಲ್ಲ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಹಾಗೆ ಕೂತ ಮೇಲಾದರೂ ಸ್ವಲ್ಪ ವಿನಯ ಬರಬೇಕು, ಬರಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ತಮ್ಮ ಮಗ ನಡೆಯುವ ಮೊದಲೇ ಓದುತ್ತಿದ್ದ ಎಂದರು. ಪಕ್ಕದ ಹೆಂಗಸು, ತನ್ನ ಮಗಳು ಹೊಟ್ಟೆಯಲ್ಲಿದ್ದಾಗಲೇ ಹಾಡಿಗೆ ತಾಳ ಹಾಕುತ್ತಿದ್ದಳು ಎಂದು ಹೇಳಿ ಅವರ ಬಾಯಿ ಮುಚ್ಚಿಸಿದಳು. ಮುಖ್ಯೋಪಾಧ್ಯಾಯಿನಿ ವಜ್ರ, ಹೊಳಪು, ಭವಿಷ್ಯ ಎಂದು ಏನೇನೋ ಹೇಳಿ ಕೂತರು. ಆಮೇಲೆ ಎದ್ದವರು ಆ ತರಗತಿಯ ಟೀಚರ್. ನರೆತ ತಲೆ, ನಗು ಕಾಣದ ಮುಖ.

"ವಾರಕ್ಕೆ ಎರಡು ಮಧ್ಯಾಹ್ನ ಕ್ಲಾಸು. ಪುಸ್ತಕ ಇಲ್ಲ, ಮಾರ್ಕ್ಸ್ ಇಲ್ಲ. ಒಂದೇ ಪ್ರಶ್ನೆ ತಿಂಗಳುಗಟ್ಟಲೆ ನಡೀಬಹುದು. ಈ ಮಕ್ಕಳಿಗೆ ಇಷ್ಟು ದಿನ ಎಲ್ಲಾ ತಕ್ಷಣ ಬಂದುಬಿಡ್ತಿತ್ತು. ಇಲ್ಲಿ ಬರಲ್ಲ. ಅಳ್ತಾರೆ. ಅಳಲಿ ಬಿಡಿ. ನೀವು ಮಾತ್ರ ಉತ್ತರ ಹೇಳ್ಕೊಡಬೇಡಿ."

ಭಾವ ಕೈಯೆತ್ತಿದರು. ಅಂಗಿಯ ತುದಿ ಹಿಡಿದು ಎಳೆದೆ, ಕೊಡವಿಕೊಂಡರು.

"ಮಾರ್ಕ್ಸ್ ಇಲ್ಲ ಅಂದ್ರೆ ಫಸ್ಟ್ ಯಾರು ಅಂತ ಗೊತ್ತಾಗೋದು ಹೇಗೆ ಮೇಡಂ?"

"ಗೊತ್ತಾಗಲ್ಲ."

"ಇವರಿಗೆ ಬೇರೆ ಯೂನಿಫಾರ್ಮ್ ಇರುತ್ತಾ?" ಎಂದಳು ತಾಳದ ಹುಡುಗಿಯ ತಾಯಿ.

"ಇಲ್ಲ."

"ಪ್ರಶ್ನೆಗಳನ್ನ ಈಗ್ಲೇ ಕೊಟ್ಬಿಡಿ, ಮನೇಲೇ ತಯಾರು ಮಾಡಿ ಕಳಿಸ್ತೀವಿ" ಎಂದರು ಭಾವ. ಇಡೀ ಕೋಣೆ ತಲೆಯಾಡಿಸಿತು.

ಟೀಚರ್ ಅವರ ಕಡೆಗೇ ತಿರುಗಿ ಮೊದಲ ಪ್ರಶ್ನೆ ಹೇಳಿದರು. ಐದು ಬದಿಯ, ಒಂದೇ ಆಕಾರದ ತುಂಡುಗಳನ್ನು ಜೋಡಿಸಿ, ಎಲ್ಲೂ ಸಂದಿ ಬಿಡದೆ ನೆಲ ಮುಚ್ಚಲು ಆಗುತ್ತದೆಯೇ?

"ಅಯ್ಯೋ, ಇದು ನಮ್ಮ ಲೈನೇ ಅಲ್ವಾ!" ಎಂದು ಭಾವ ಎದ್ದೇ ನಿಂತರು. ಪುಟ್ಟ ಕುರ್ಚಿಯೂ ಅವರಿಗೆ ಅಂಟಿಕೊಂಡು ಎದ್ದಿತು.

ಆ ವಾರವೆಲ್ಲ ಹುಡುಗಿ ರಟ್ಟು ಕತ್ತರಿಸುತ್ತ ಕೂತಳು. ಐದೂ ಬದಿ ಸಮವಾದ ತುಂಡುಗಳನ್ನು ಹೇಗೆ ತಿರುಗಿಸಿಟ್ಟರೂ ಎಲ್ಲೋ ಒಂದು ಕಡೆ ತೆಳ್ಳಗೆ ಬಾಯಿ ಬಿಡುತ್ತಿತ್ತು. ಅವಳಿಗೆ ಅದೇ ಖುಷಿ. ಭಾವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಅಂಗಡಿಯ ಮೇಸ್ತ್ರಿಯಿಂದ ನಿಜವಾದ ಟೈಲ್ಸನ್ನೇ ಐದು ಬದಿ ಬರುವಂತೆ ಕೊಯ್ಯಿಸಿ, ಪ್ಲೈವುಡ್ ಹಲಗೆಗೆ ಅಂಟಿಸಿ, ನಡುವಿನ ಸಂದಿಗಳಿಗೆಲ್ಲ ಬಿಳಿ ಸಿಮೆಂಟ್ ಮೆತ್ತಿಸಿದರು.

"ನೋಡು, ಎಲ್ಲಿದೆ ಸಂದಿ?"

"ಸಿಮೆಂಟ್ ಇರೋದೇ ಸಂದಿ ಅಪ್ಪಾ."

"ಅಧಿಕಪ್ರಸಂಗ ಬೇಡ. ಮೇಸ್ತ್ರಿಗಿಂತ ನಿಂಗೆ ಗೊತ್ತಾ?"

ಹಲಗೆಯನ್ನು ತಾವೇ ಹೊತ್ತುಕೊಂಡು ಹೋಗಿ ಟೀಚರ್ ಮೇಜಿನ ಮೇಲಿಟ್ಟು ಬಂದರು. ಹಿಂಬದಿಗೆ ಅಂಗಡಿಯ ವಿಸಿಟಿಂಗ್ ಕಾರ್ಡ್ ಅಂಟಿಸಿದ್ದರು. ಅವತ್ತು ಮಗು ಊಟಕ್ಕೆ ಏಳಲಿಲ್ಲ.

ಮುಂದಿನ ವಾರ ಅವಳೇ ಬಂದು ಅಪ್ಪನೆದುರು ನಿಂತು, "ನನ್ನನ್ನ ಆ ಕ್ಲಾಸಿಂದ ತೆಗೆದುಬಿಟ್ರು" ಎಂದಳು. ಭಾವನ ಮುಖ ಸುಣ್ಣವಾಯಿತು. ಫೋನ್ ಕೈಗೆತ್ತಿಕೊಂಡರು, ಮತ್ತೆ ಕೆಳಗಿಟ್ಟರು. ಮಗಳ ಕಣ್ಣೆದುರು ಅವಳ ಪರ ಒಂದು ಮಾತಾಡುವಷ್ಟು ಧೈರ್ಯವೂ ಆ ಎದೆಯಲ್ಲಿರಲಿಲ್ಲ. ಮರುದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಹೇಳುತ್ತಿದ್ದರು: "ನಾನೇ ಬಿಡಿಸ್ದೆ ಸಾರ್. ಅವರ ಲೆವೆಲ್ಲು ನಮ್ಮ ಮಗೂಗೆ ಸಾಲಲ್ಲ."

ಅಕ್ಕ ಟೀಚರಿಗೆ ಫೋನ್ ಮಾಡಿ ವಿಚಾರಿಸಿದಳು. ಯಾರೂ ತೆಗೆದಿರಲಿಲ್ಲ. ಹುಡುಗಿ ಒಂದು ಕ್ಲಾಸೂ ತಪ್ಪಿಸಿರಲಿಲ್ಲ.

ಆಮೇಲೆ ಅವಳ ರಟ್ಟು, ಕತ್ತರಿ ಎಲ್ಲ ನನ್ನ ಹೊಲಿಗೆ ಕೋಣೆಗೆ ಬಂದವು. ಒಂದು ಮಧ್ಯಾಹ್ನ ಮಕ್ಕಳು ಬರೆಯುವ ಮನೆ ಚಿತ್ರದ ಹಾಗೆ, ಕೆಳಗೆ ಚೌಕ, ಮೇಲೆ ಇಳಿಜಾರಿನ ಮಾಡು, ಐದು ಬದಿ ಬರುವಂತೆ ತುಂಡುಗಳನ್ನು ಕತ್ತರಿಸಿದಳು. ಸಾಲಾಗಿ ಇಟ್ಟಳು. ಎರಡು ಮಾಡುಗಳ ನಡುವಿನ ತಗ್ಗಿಗೆ ಇನ್ನೊಂದು ಮನೆಯನ್ನು ತಲೆಕೆಳಗು ಮಾಡಿ ಇಳಿಸಿದಳು.

"ಚಿಕ್ಕಮ್ಮಾ, ಕೂತ್ಕೊಳ್ತು!" ಎಂದು ಕಿರುಚಿದ ರಭಸಕ್ಕೆ ನನ್ನ ಹೊಲಿಗೆ ಸೊಟ್ಟಗಾಯಿತು.

ಸಂಜೆ ಅವಳನ್ನು ಕರೆದೊಯ್ಯಲು ಬಂದ ಅಕ್ಕ, "ಈಗಲಾದ್ರೂ ಅಪ್ಪಂಗೆ ಹೇಳೋಣ್ವೇನೇ?" ಎಂದಳು.

"ಬೇಡಮ್ಮ" ಎಂದಳು ಹುಡುಗಿ, ತುಂಡುಗಳನ್ನು ಡಬ್ಬಿಗೆ ತುಂಬುತ್ತ. "ಪಾಪ, ಹಲಗೆ ಹೊತ್ಕೊಂಡು ಬಂದುಬಿಡ್ತಾರೆ."

ಭಾವ ಈಗ ಚಿಕ್ಕ ಮಗಳ ಹಿಂದೆ ಬಿದ್ದಿದ್ದಾರೆ. ಅದಕ್ಕಿನ್ನೂ ಮೂರು ತುಂಬಿಲ್ಲ. ಬಣ್ಣಗಳ ಹೆಸರು ಹೇಳುತ್ತದೆ. ಅಂಗಡಿಗೆ ಬಂದವರೆಲ್ಲ ಅದನ್ನು ಕೇಳಿಸಿಕೊಂಡೇ ಟೈಲ್ಸ್ ನೋಡಬೇಕು.