ಉಗುರಿನ ಮೇಲಿನ ಹನಿ

ನಮ್ಮ ಉಸ್ತಾನಿಯ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಉಗುರುಗಳಿಗಿಂತ ಅಗಲ, ಸ್ವಲ್ಪ ಉಬ್ಬು, ನಡುವೆ ಉದ್ದಕ್ಕೆ ಒಂದು ಬಿಳಿಯ ಗೀರು. ಮನೆಗೆ ಹಾಲು ಬಂದರೆ ಮೊದಲ ಹನಿ ಆ ಉಗುರಿನ ಮೇಲೆ ಬೀಳಬೇಕು. ಹನಿ ನಿಧಾನವಾಗಿ ಇಳಿದು ಹಿಂದೆ ಬೆಳ್ಳಗೆ ಗುರುತು ಬಿಟ್ಟರೆ ಹಾಲು, ಗುರುತಿಲ್ಲದೆ ಜಾರಿಹೋದರೆ ನೀರು. ಅರಿಸಿನದ ಕೊಂಬನ್ನು ಕೆರೆದು ನೋಡುವುದು, ರೇಷ್ಮೆಯ ಎಳೆಯನ್ನು ಮೀಟಿ ನೋಡುವುದು, ಹೊಸ ಮಡಕೆಯನ್ನು ತಟ್ಟಿ ನೋಡುವುದು, ಎಲ್ಲವೂ ಅದೇ ಉಗುರಿನಿಂದ. ಪಾಠಕ್ಕೆ ಹೊಸದಾಗಿ ಸೇರಿದ ಹುಡುಗಿಯರ ಗಲ್ಲವನ್ನೂ ಅದರಿಂದಲೇ ಮೇಲೆತ್ತಿ ಮುಖ ನೋಡುತ್ತಿದ್ದರು. ನಾನು ಆ ಪರೀಕ್ಷೆಯಲ್ಲಿ ಪಾಸಾದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಉಸ್ತಾನಿ ಎಂದರೆ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕುರಾನು ಓದಲು ಕಲಿಸುವ ಗುರು. ಐವತ್ತರ ದಶಕದ ಕೆಂಗೇರಿಯಲ್ಲಿ, ನಮ್ಮ ಬೀದಿಯ ಕೊನೆಯ ಹೆಂಚಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಬೆಳಿಗ್ಗೆಯೆಲ್ಲ ರೇಷ್ಮೆ ನೂಲು ಸುತ್ತಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದರು, ಸಂಜೆ ನಮಗೆ ಪಾಠ. ಪಾಠಕ್ಕೆ ಅರಬಿ, ಮನೆಮಾತಿಗೆ ಉರ್ದು, ಬೈಯುವುದಕ್ಕೆ ಮಾತ್ರ ಕನ್ನಡವೇ ಸರಿ ಎನ್ನುತ್ತಿದ್ದರು. ಅನುಮಾನಪಡುವುದಕ್ಕೂ ಕನ್ನಡವೇ. ಅವರ ಮಾತಿನಲ್ಲಿ ಮುಕ್ಕಾಲು ಪಾಲು ಅನುಮಾನವೇ ಇರುತ್ತಿದ್ದುದರಿಂದ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

ಅವರ ಅನುಮಾನದ ಮೊದಲ ಬಲಿ ಹಿಂದಿನ ಬೀದಿಯ ಗೌಡತಿ. ಆಕೆ ದಿನವೂ ಹಾಲು ತಂದು ಕೊಡುತ್ತಿದ್ದರು, ಉಸ್ತಾನಿ ದಿನವೂ ಆಕೆಯ ಎದುರಿಗೇ ಉಗುರು ಮುಂದೆ ಹಿಡಿಯುತ್ತಿದ್ದರು. ಗೌಡತಿ ಸೊಂಟಕ್ಕೆ ಕೈಯಿಟ್ಟು, "ಬೂಬಮ್ಮ, ನನ್ನ ಹಸ ನೀರು ಕುಡೀತದೆ, ನನ್ನ ಚೊಂಬು ಕುಡಿಯಲ್ಲ ಕಣವ್ವ," ಎನ್ನುತ್ತಿದ್ದರು. "ನಿನ್ನ ಹಸೂನ ನಂಬ್ತೀನಿ, ನಿನ್ನನ್ನ ಯಾಕೆ ನಂಬಲಿ?" ಎಂದು ಇವರು. ಹಾಲು ಗಟ್ಟಿಯಾಗಿದ್ದ ದಿನ ಉಸ್ತಾನಿಯ ಮುಖ ಇನ್ನಷ್ಟು ಗಂಟಿಕ್ಕುತ್ತಿತ್ತು. ಇವತ್ತು ಯಾಕೆ ಗಟ್ಟಿ ಕೊಟ್ಟಳು, ಏನು ಕೆಲಸ ಆಗಬೇಕಿದೆಯೋ ಎಂದು ಆಮೇಲೆ ನಮ್ಮನ್ನು ಕೇಳುತ್ತಿದ್ದರು.

ಅಲ್ಲಾಹನ ಹೆಸರುಗಳನ್ನು ಕಲಿಸುವಾಗಲೂ ಅದೇ ಬುದ್ಧಿ. ತೊಂಬತ್ತೊಂಬತ್ತು ಹೆಸರನ್ನು ನಾವು ಒಂದೇ ಉಸಿರಿಗೆ ಒದರಿ ಹೊಗಳಿಕೆಗೆ ಕಾದು ಕೂತರೆ, "ಗಿಣಿಗೂ ಬರ್ತದೆ. ಅರ್ಥ ಹೇಳೇ," ಎನ್ನುತ್ತಿದ್ದರು. ರಹೀಮ್ ಎಂದರೆ ಕರುಣಾಮಯಿ ಎಂದು ಗೆಳತಿಯೊಬ್ಬಳು ಹೇಳಿದಾಗ, "ಬೆಳಿಗ್ಗೆ ನಮ್ಮ ಬೆಕ್ಕಿಗೆ ಕಲ್ಲು ಹೊಡೆದವಳು ನೀನೇ ತಾನೇ? ಹಾಗಾದ್ರೆ ನಿನಗಿನ್ನೂ ಬಂದಿಲ್ಲ, ಕೂತ್ಕೊ," ಎಂದರು. ಹೆಸರನ್ನು ಚೀಟಿಯಲ್ಲಿ ಬರೆದು ದಿಂಬಿನಡಿ ಇಡುವವರು, ಅಂಗಡಿ ವ್ಯಾಪಾರ ಏರಲಿ ಎಂದು ಜಪಿಸಿ ತೂಕದಲ್ಲಿ ಮೋಸ ಮಾಡುವವರು, ಎಲ್ಲರ ಮೇಲೂ ಅವರಿಗೆ ಒಂದು ಕಣ್ಣು. ಹೆಸರು ಇರುವುದು ಅವನನ್ನು ಕರೆಯುವುದಕ್ಕೆ, ಅವನ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳುವುದಕ್ಕಲ್ಲ ಎನ್ನುತ್ತಿದ್ದರು.

ಒಂದೇ ಒಂದು ಹೆಸರಿನ ಹತ್ತಿರ ಅವರ ದನಿ ಇಳಿಯುತ್ತಿತ್ತು. ಅಲ್‌ವಕೀಲ್. ನಾವು ಕೋರ್ಟಿನ ವಕೀಲರನ್ನು ನೆನೆದು ನಕ್ಕರೆ ಅವರು ನಗುತ್ತಿರಲಿಲ್ಲ. "ನಿನ್ನ ಕೆಲಸಾನೆಲ್ಲ ಅವನಿಗೆ ವಹಿಸಿಬಿಟ್ಟು ನಿಶ್ಚಿಂತೆಯಾಗಿ ಇರಬಹುದು, ಅಂಥವನು ಅಂತ ಅರ್ಥ. ಹೇಳೋದು ಸುಲಭ ಕಣೇ. ನನಗೇ ಇನ್ನೂ ಬಂದಿಲ್ಲ," ಎಂದು ಮುಂದಿನ ಹೆಸರಿಗೆ ಹೋಗುತ್ತಿದ್ದರು.

ನನ್ನನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸುವ ಮಾತು ನಡೆಯುತ್ತಿದ್ದ ವರ್ಷ ಅಮ್ಮಿಗೆ ಕ್ಷಯ ಹಿಡಿಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನನ್ನು ಊರಿನ ಆಸ್ಪತ್ರೆಯಲ್ಲಿ ಕಂಪೌಂಡರು ದಿನ ಬಿಟ್ಟು ದಿನ ಕೊಡುತ್ತಿದ್ದರು. ಉಸ್ತಾನಿಗೆ ಕಂಪೌಂಡರ ಮೇಲೂ ನಂಬಿಕೆಯಿಲ್ಲ. ಅಮ್ಮಿಯ ಜೊತೆ ಹೋಗಿ, ಔಷಧಿಯ ಸೀಸೆಯನ್ನು ತಮ್ಮ ಕಣ್ಣೆದುರೇ ಒಡೆಯಬೇಕೆಂದು ಹಟ ಹಿಡಿದು ನಿಲ್ಲುತ್ತಿದ್ದರು. ಕಂಪೌಂಡರು ಹಲ್ಲು ಕಚ್ಚಿಕೊಂಡು ಹಾಗೇ ಮಾಡುತ್ತಿದ್ದರು. ಅಮ್ಮಿಯ ಕೆಮ್ಮು ಮಾತ್ರ ಬೇಗ ಇಳಿಯಲಿಲ್ಲ.

ಆಗ ಬಂದವನು ಬಾಬಾ. ಉತ್ತರದ ಕಡೆಯಿಂದ ಬಂದೆ ಎಂದ. ಶುಭ್ರವಾದ ಬಿಳಿ ಬಟ್ಟೆ, ಮೆತ್ತಗಿನ ಮಾತು. ತೊಂಬತ್ತೊಂಬತ್ತರ ಆಚೆ ಒಂದು ಗುಟ್ಟಿನ ಹೆಸರಿದೆ, ಅದು ತನ್ನ ಗುರುವಿನಿಂದ ತನಗೊಬ್ಬನಿಗೇ ಬಂದಿದೆ, ಅದನ್ನು ಬರೆದು ನೀರಿನಲ್ಲಿ ಕರಗಿಸಿ ಕುಡಿದರೆ ಯಾವ ಕಾಯಿಲೆಯೂ ನಿಲ್ಲುವುದಿಲ್ಲ ಎಂದ. ಎತ್ತುಗಳಿಗೆ ಲಾಳ ಕಟ್ಟಿ ಬದುಕುತ್ತಿದ್ದ ಅಬ್ಬಾ ಆ ಹೊತ್ತಿಗೆ ಎಲ್ಲ ಕಡೆಯೂ ಸೋತಿದ್ದರು. ಬಾಬಾನನ್ನು ನಮ್ಮ ಜಗಲಿಯ ಕೋಣೆಯಲ್ಲಿ ಇಳಿಸಿಕೊಂಡರು. ಅವನು ಒಂದು ಕಾಸೂ ಕೇಳಲಿಲ್ಲ, ಅಬ್ಬಾ ಅದಕ್ಕೇ ಕರಗಿಹೋದರು. ಉಸ್ತಾನಿಗೆ ಅದನ್ನು ಹೇಳಿದಾಗ ಅವರ ಕಣ್ಣು ಕಿರಿದಾಯಿತು. "ದುಡ್ಡು ಕೇಳಲಿಲ್ವಾ? ಹಾಗಾದ್ರೆ ಇನ್ನೇನು ಕೇಳ್ತಾನೆ, ನೋಡ್ತಾ ಇರು," ಎಂದರು.

ಅವನು ಕೇಳಿದ್ದು ಎರಡು. ಇಂಜೆಕ್ಷನ್ ನಿಲ್ಲಿಸಬೇಕು, ಔಷಧಿ ಬೆರೆತರೆ ಹೆಸರು ಕೋಪಿಸಿಕೊಳ್ಳುತ್ತದೆ. ನೀರು ಕುಡಿಯುವಷ್ಟು ದಿನವೂ ಮನೆಯಲ್ಲಿ ಯಾರೂ ದೇವರನ್ನು ಬೇರೆ ಹೆಸರಿನಿಂದ ಕರೆದು ಬೇಡಬಾರದು, ಒಂದು ಹೆಸರಿನ ಬಲವನ್ನು ಇನ್ನೊಂದು ಕೆಡಿಸುತ್ತದೆ. ಅಮ್ಮಿಗೆ ಕೆಮ್ಮು ಬಂದಾಗಲೆಲ್ಲ "ಯಾ ಶಾಫೀ" ಎನ್ನುವುದು ಅಭ್ಯಾಸ. ಗುಣಪಡಿಸುವವನೇ ಎಂದು ಅದರ ಅರ್ಥ. ಅದನ್ನೂ ಬಾಯಲ್ಲಿ ತಡೆದುಕೊಂಡು ಬರೀ ಕೆಮ್ಮುವುದನ್ನು ಕಲಿತಳು. ನೋಡಿಕೊಂಡಿರಲು ನನ್ನಿಂದ ಆಗುತ್ತಿರಲಿಲ್ಲ.

ದಿನವೂ ಚೀಟಿಯನ್ನು ಬಟ್ಟಲಿನಲ್ಲಿ ಕರಗಿಸುವ ಕೆಲಸ ನನ್ನದು. ಮಸಿ ನೀರಿನಲ್ಲಿ ಬಿಚ್ಚಿಕೊಳ್ಳುವಾಗ ಮೇಲಿನಿಂದ ಅವನು ನನ್ನ ಕೈಯನ್ನೇ ನೋಡುತ್ತಿರುತ್ತಿದ್ದ. ನಾನು ಅವನನ್ನು ಅನುಮಾನದಿಂದ ನೋಡುತ್ತಿದ್ದೆ, ಅವನು ನನ್ನನ್ನು, ಅಬ್ಬಾ ನಮ್ಮಿಬ್ಬರನ್ನೂ. ಉಸ್ತಾನಿಯ ಮೇಲೂ ನನಗೆ ಅನುಮಾನ ಬರತೊಡಗಿತು. ಬಾಬಾ ಬಂದ ಮೇಲೆ ಬೀದಿಯ ಹೆಂಗಸರು ದುಆಕ್ಕೆ, ಅಂದರೆ ಪ್ರಾರ್ಥನೆ ಮಾಡಿಸಲು, ಇವರ ಮನೆಗೆ ಹೋಗುವುದು ಕಡಿಮೆಯಾಗಿತ್ತು. ಹೊಟ್ಟೆಕಿಚ್ಚಿಗೆ ಹೀಗಾಡುತ್ತಾರೆಯೇ? ಅಬ್ಬಾ ಹಾಗೇ ಅಂದುಕೊಂಡು, ಇನ್ನು ನಮ್ಮ ಹೊಸ್ತಿಲು ತುಳಿಯಬೇಡಿ ಎಂದು ಅವರಿಗೆ ಹೇಳಿ ಕಳಿಸಿದ್ದರು.

ನನ್ನ ಪಾಠವನ್ನು ಮಾತ್ರ ಅಬ್ಬಾ ಬಿಡಿಸಿರಲಿಲ್ಲ. ಬೇರೆ ಹೆಸರಿನಿಂದ ಕರೆಯಬಾರದೆಂಬ ಕಟ್ಟಳೆಯನ್ನು ನಾನು ಒಂದು ಸಂಜೆ ಪಾಠಕ್ಕೆ ಮುಂಚೆ ಹೇಳಿದೆ. ಬೆಳಗಿನ ನೂಲು ಮುಗಿಯದೆ ಇನ್ನೂ ಸುತ್ತುತ್ತಿದ್ದ ಉಸ್ತಾನಿಯ ಕೈ ನಿಂತಿತು. ರಾಟೆಯನ್ನು ಹಾಗೇ ಬಿಟ್ಟು ಎದ್ದರು, ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದರು, ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೆ ನಿಂತರು. ತುಳಿಯಲಿಲ್ಲ.

ಜಗಲಿಯ ಮೇಲೆ ಬಾಬಾ, ಪಕ್ಕದಲ್ಲಿ ಅಬ್ಬಾ, ಒಳಗೆ ಪರದೆಯ ಹಿಂದೆ ಅಮ್ಮಿ. ಹಿಂದೆಯೇ ಓಡಿಬಂದ ನನ್ನ ಕೈಗೆ ಅವತ್ತಿನ ಬಟ್ಟಲು ಬಂತು.

"ಬಾಬಾ ಸಾಹೇಬ್ರೇ, ಹೆಸರು ಹೆಸರಿಗೂ ಜಗಳ ಇದೆಯಂತೆ?" ಎಂದರು ಉಸ್ತಾನಿ.

"ನಿಮಗೆ ಅದೆಲ್ಲ ತಿಳಿಯಲ್ಲಮ್ಮ. ಗುಟ್ಟಿನ ವಿಷಯ."

"ಇರಬಹುದು. ನಮಗೆ ತಿಳಿಯದ ಹೆಸರುಗಳು ಅವನಿಗೆ ಇವೆ ಅಂತ ನಾನೂ ನಂಬ್ತೀನಿ. ಅವನ್ನ ಅವನು ತನ್ನ ಹತ್ರಾನೇ ಇಟ್ಕೊಂಡಿದಾನೆ. ಅವನು ಬಚ್ಚಿಟ್ಟಿದ್ದು ನಿಮ್ಮ ಜೇಬಿಗೆ ಹೇಗೆ ಬಂತು?"

ಬಾಬಾ ಅಬ್ಬಾನ ಕಡೆ ತಿರುಗಿ ಮೆತ್ತಗೆ, ಇವರು ಹೇಳಿಕೊಡುವ ಶಾಫೀ ಎನ್ನುವುದು ತೊಂಬತ್ತೊಂಬತ್ತರ ಪಟ್ಟಿಯಲ್ಲೇ ಇಲ್ಲ ಎಂದ.

"ಪ್ರವಾದಿಗಳು ರೋಗಿಗಳ ಪಕ್ಕ ಕೂತು ಅವನನ್ನ ಹಾಗೇ ಕರೆದರಂತೆ. ಹೋಗಿ ಅವರಿಗೆ ತೋರಿಸ್ತೀರಾ ನಿಮ್ಮ ಪಟ್ಟಿ?" ಎಂದ ಉಸ್ತಾನಿ ಅಬ್ಬಾನಿಗೆ ಹೇಳಿದರು, "ನಿನ್ನನ್ನ ಮಗಳು ಅಬ್ಬಾ ಅಂತಾಳೆ, ನಿಮ್ಮಮ್ಮ ಮಗಾ ಅಂತಿದ್ದಳು, ಗೌಡರು ಲಾಳದ ಸಾಬರು ಅಂತಾರೆ. ಒಬ್ಬರು ಕರೆದಿದ್ದಕ್ಕೆ ಇನ್ನೊಬ್ಬರ ಮೇಲೆ ನಿನಗೆ ಯಾವತ್ತಾದ್ರೂ ಕೋಪ ಬಂತಾ? ಎಷ್ಟು ಹೆಸರಿದ್ರೂ ಇರೋನು ಒಬ್ಬನೇ ಕಣಪ್ಪ. ಆ ಇಂಜೆಕ್ಷನ್ನಿನಲ್ಲಿ ಗುಣ ಇಟ್ಟಿದ್ರೆ ಇಟ್ಟವನೂ ಅವನೇ. ನಿನ್ನ ಹೆಂಡತಿ ಬಾಯಿಂದ ಅವನ ಹೆಸರನ್ನ ಕಿತ್ಕೊಂಡಿದಾನಲ್ಲ ಈ ಮನುಷ್ಯ, ಅದನ್ನ ನೋಡು."

ಬಾಬಾ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಕೆಮ್ಮು ಬಂತು, ಅದರ ಬೆನ್ನಿಗೇ ಅಮ್ಮಿಯ ದನಿ. "ಯಾ ಶಾಫೀ." ಮೊದಲ ಸಲ ಮೆಲ್ಲಗೆ. ಆಮೇಲೆ ಬೀದಿಗೆ ಕೇಳುವ ಹಾಗೆ, ಮತ್ತೆ ಮತ್ತೆ. ನಾನು ಬಟ್ಟಲನ್ನು ಕೆಳಗಿಟ್ಟುಬಿಟ್ಟೆ. "ನನ್ನ ಬುರ್ಖಾ ಕೊಡೇ, ಆಸ್ಪತ್ರೆ ಮುಚ್ಚಿಬಿಡ್ತಾರೆ," ಎಂದಳು ಅಮ್ಮಿ. ಅಬ್ಬಾ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಬಾಬಾ ಮರುದಿನವೇ ಹೊರಟುಹೋದ. ಅವನು ಮೋಸಗಾರನೋ ಅಥವಾ ತಾನು ಹೇಳಿದ್ದನ್ನು ತಾನೇ ನಂಬಿದ್ದನೋ, ನನಗೆ ಈಗಲೂ ಬಗೆಹರಿದಿಲ್ಲ. ಉಸ್ತಾನಿಯನ್ನು ಕೇಳಿದ್ದಕ್ಕೆ, "ಮೋಸಗಾರನಾಗಿದ್ರೆ ವಾಸಿ. ನಂಬಿದ್ದರೆ ಇನ್ನೊಂದೂರಲ್ಲಿ ಇನ್ನೊಬ್ಬಳ ಮದ್ದು ನಿಲ್ಲಿಸ್ತಾನೆ," ಎಂದಿದ್ದರು. ಅಮ್ಮಿ ನಿಧಾನವಾಗಿ ಚೇತರಿಸಿಕೊಂಡಳು. ಮಧ್ಯೆ ನಿಂತುಹೋದ ಇಂಜೆಕ್ಷನ್ನಿಗೆ ಡಾಕ್ಟರು ಸಿಕ್ಕಾಪಟ್ಟೆ ಬೈದರು. ಆ ಬೈಗುಳ ಅಸಲಿಯೆಂದು ಉಸ್ತಾನಿ ಒಪ್ಪಿಕೊಂಡರು.

ಕೆಲವು ವರ್ಷಗಳ ಮೇಲೆ ಉಸ್ತಾನಿಯೇ ಹಾಸಿಗೆ ಹಿಡಿದರು. ನೂಲು ನಿಂತಿತು, ಪಾಠ ನಿಂತಿತು, ಅನುಮಾನ ಮಾತ್ರ ನಡೆದೇ ಇತ್ತು. ನಾನು ಕಾಯಿಸಿಕೊಟ್ಟ ಗಂಜಿಯನ್ನು ಮೂಸಿ ನೋಡುತ್ತಿದ್ದರು, ಕಂಪೌಂಡರು ಕೊಟ್ಟ ಗುಳಿಗೆಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಒಂದು ಸಂಜೆ ಗೌಡತಿ ತಾವೇ ಹಾಲು ಕಾಯಿಸಿ ಲೋಟದಲ್ಲಿ ತಂದರು. ನಾನು ಉಸ್ತಾನಿಯನ್ನು ಎತ್ತಿ ಕೂರಿಸಿ ಎದೆಗೆ ಒರಗಿಸಿಕೊಂಡೆ, ಅಭ್ಯಾಸದಂತೆ ಲೋಟವನ್ನು ಅವರ ಹೆಬ್ಬೆರಳಿನ ಹತ್ತಿರ ಹಿಡಿದೆ. ಅವರು ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಮುಷ್ಟಿ ಕಟ್ಟಿದರು.

"ನೋಡಲ್ವಾ ಉಸ್ತಾನಿ?"

"ಬೇಡ ಕಣೇ. ಅವನಿಗೆ ವಹಿಸಿ ಆಯ್ತು."

ಪೂರ್ತಿ ಕುಡಿದರು. ಗೌಡತಿ ಸೆರಗು ಬಾಯಿಗಿಟ್ಟುಕೊಂಡು ಬಾಗಿಲ ಕಡೆ ತಿರುಗಿಕೊಂಡರು. ಎಷ್ಟೋ ವರ್ಷ ಬೈಸಿಕೊಂಡಾಗ ಅಳದ ಹೆಂಗಸು ಅವತ್ತು ಅತ್ತರು. ಉಸ್ತಾನಿ ಆ ವಾರವೇ ತೀರಿಕೊಂಡರು. ಅಮ್ಮಿ ಆಮೇಲೆ ಬಹಳ ಕಾಲ ಬದುಕಿ ನನ್ನ ಮಕ್ಕಳನ್ನು ತೊಡೆಯ ಮೇಲೆ ಆಡಿಸಿದಳು. ಅವಳು "ಯಾ ಶಾಫೀ" ಎಂದಾಗಲೆಲ್ಲ ನನಗೆ ಹೊಸ್ತಿಲ ಹೊರಗೆ ನಿಂತ ಉಸ್ತಾನಿ ಕಾಣುತ್ತಿದ್ದರು. ಅಮ್ಮಿಯನ್ನು ನನಗೆ ಉಳಿಸಿಕೊಟ್ಟವರ ಋಣ ತೀರಿಸುವ ದಾರಿ ನನಗೆ ಕಾಣಲಿಲ್ಲ.

ಅವತ್ತು ಗೌಡತಿಗೆ ಹಿಂದಿರುಗಿಸುವಾಗ ಲೋಟದ ತಳದಲ್ಲಿ ಒಂದು ಹನಿ ಹಾಲು ಉಳಿದಿತ್ತು. ನನ್ನ ಉಗುರಿನ ಮೇಲೆ ಹಾಕಿ ನೋಡಬಹುದಿತ್ತು. ನೋಡಲಿಲ್ಲ.