ಪಶ್ಚಿಮದಿಂದ ಎಣಿಸುವ ದೀಪದಕ್ಕ

ಬೆಳಗಿನ ಐದೂವರೆ. ರನ್‌ವೇ ಅಂಚಿನಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಾರೆ. ಸೊಂಟಕ್ಕೆ ಸಿಕ್ಕಿಸಿದ ಒದ್ದೆ ಬಟ್ಟೆ, ಕೈಯಲ್ಲಿ ಸ್ಪ್ಯಾನರ್. ದೀಪದ ಗಾಜಿನ ಮೇಲೆ ಹಕ್ಕಿ ಹಾಕಿದ ಹಿಕ್ಕೆ ಒರೆಸುತ್ತ ಗೊಣಗುತ್ತಿದ್ದಾರೆ. "ಇಷ್ಟು ದೊಡ್ಡ ಮೈದಾನ ಬಿದ್ದಿದೆ, ಇವಕ್ಕೆ ನನ್ನ ದೀಪಾನೇ ಬೇಕು ನೋಡಿ!"

ವಿಮಾನ ನಿಲ್ದಾಣದಲ್ಲಿ ಎಲ್ಲರೂ ಇವರನ್ನು ಕರೆಯುವುದು ದೀಪದಕ್ಕ ಎಂದು. ರನ್‌ವೇಯ ಎರಡೂ ಅಂಚಿನಲ್ಲಿ ನಲವತ್ತೊಂದರಂತೆ ಎಂಬತ್ತೆರಡು ದೀಪಗಳಿವೆ. ಒಂದು ಅಂಚಿನಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಸುಮಾರು ಐದು ಕಿಲೋಮೀಟರ್ ನಡಿಗೆ. ದಾರಿಯಲ್ಲಿ ಸಿಕ್ಕ ಕಲ್ಲು, ಮೊಳೆ, ಬೋಲ್ಟುಗಳನ್ನೆಲ್ಲ ಹೆಕ್ಕಿ ಚೀಲಕ್ಕೆ ಹಾಕಬೇಕು. ಏಳೂವರೆಗೆ ಇಳಿಯುವ ಪುಟ್ಟ ವಿಮಾನದಲ್ಲಿ ವಾರಕ್ಕೆರಡು ಸಲ ಹೃದಯದ ಡಾಕ್ಟರು ಬರುತ್ತಾರೆ. ಅವರಿಗೆ ಇವರ ಮುಖ ಗೊತ್ತಿಲ್ಲ. ಅದರ ಬಗ್ಗೆ ಅಕ್ಕನಿಗೆ ಬೇಸರವೂ ಇಲ್ಲ.

ಈ ಕೆಲಸ ಕಲಿಸಿದವರು ಮಾವ, ಅಂದರೆ ಗಂಡನ ತಂದೆ. ಇದು ಸೇನೆಯ ವಿಮಾನ ನೆಲೆಯಾಗಿದ್ದಾಗ ಇಪ್ಪತ್ತೆಂಟು ವರ್ಷ ದೀಪ ನೋಡಿಕೊಂಡವರು ಅವರು. ಮಂಡಿ ಸೋತ ಮೇಲೆ ಸೊಸೆಯನ್ನು ಜೊತೆಗೆ ಕರೆತಂದರು. "ಮಗನನ್ನ ಕರ್ಕೊಂಡು ಬರಬಹುದಿತ್ತಲ್ಲ ಅಂದೆ. ಅವನಿಗೆ ಮನೇಲಿ ಬಲ್ಬ್ ಹಾಕಕ್ಕೂ ಬರಲ್ಲ ಅಂದ್ರು" ಎಂದು ಅಕ್ಕ ನಗುತ್ತಾರೆ. ಗಂಡ ಬೇಕರಿಯಲ್ಲಿ ಕೆಲಸ ಮಾಡುತ್ತಾರೆ. ಅತ್ತೆಯ ಮಾತು ಇನ್ನೂ ಖಾರ: "ನಮ್ಮ ಸೊಸೆ ದೀಪ ನೋಡ್ಕೊಂಡು ಬರ್ತೀನಿ ಅಂದ್ಲು ಅಂದ್ರೆ ತಿಂಡಿ ಎಂಟರ ಮೇಲೇ."

ಎರಡು ವರ್ಷದ ಹಿಂದೆ ಸೇನೆ ಜಾಗ ಖಾಲಿ ಮಾಡಿತು. ದೀಪದ ವಿಭಾಗದಲ್ಲಿದ್ದ ಹದಿನಾಲ್ಕು ಜನರಲ್ಲಿ ಉಳಿದವರು ಇವರೊಬ್ಬರೇ. ಹದಿನಾಲ್ಕು ಜನರ ಕೆಲಸ ಒಬ್ಬರ ತಲೆಗೆ ಬಿತ್ತು. ಅದೂ ಸಾಲದೆಂಬಂತೆ, ಈ ನಿಲ್ದಾಣ ಇನ್ನು ಬೇಕೋ ಬೇಡವೋ ಎಂದು ತೀರ್ಮಾನಿಸಲು ಯೋಜನಾ ತಂಡವೊಂದು ಬಂತು. ನೆಲ ಗಟ್ಟಿಯಿದ್ದರೆ ರನ್‌ವೇ ಉಳಿಯುತ್ತದೆ, ಇಲ್ಲದಿದ್ದರೆ ಗೋದಾಮು.

ತಂಡದವರು ಅಂಚಿನಲ್ಲಿ ಮೂರು ಕಡೆ ಅಗೆದರು. ಎರಡು ಗುಂಡಿ ಒಣಗಿದ್ದವು. ಮೂವತ್ಮೂರನೇ ದೀಪದ ಪಕ್ಕದ ಗುಂಡಿಯಲ್ಲಿ ಮಾತ್ರ ಮೊಣಕಾಲುದ್ದ ನೀರು! ಸೇನೆ ಬಿಟ್ಟುಹೋದ ಪುಸ್ತಕದಲ್ಲಿ ನೆಲದಡಿಯ ಕಾಲುವೆ ಒಂಬತ್ತನೇ ದೀಪದ ಬಳಿ ಇದೆ ಎಂದು ಬರೆದಿತ್ತು. ಹಾಗಾದರೆ ಈ ನೀರು ಕಾಲುವೆಯದ್ದಲ್ಲ, ಅಡಿಪಾಯವೇ ನೀರು ಹಿಡಿದಿದೆ ಎಂದುಕೊಂಡರು ತಂಡದವರು. ಮುಚ್ಚುವುದೇ ಲೇಸು ಎಂದು ವರದಿ ಬರೆಯಲು ಕೂತರು.

ಗುಂಡಿ ನೋಡಿದ ಅಕ್ಕ ಗಾಬರಿಯಾದರು. ನೀರು ಕಂಡಲ್ಲ, ಎಣಿಕೆ ತಪ್ಪಿದ್ದು ಕಂಡು. ಸೇನೆಯವರ ಶೆಡ್ಡುಗಳಿದ್ದದ್ದು ಪಶ್ಚಿಮದ ತುದಿಯಲ್ಲಿ. ಅವರ ಒಂದನೇ ದೀಪವೂ ಅಲ್ಲಿಯದೇ. ಪ್ರಯಾಣಿಕರ ಕಟ್ಟಡವಿರುವುದು ಪೂರ್ವದಲ್ಲಿ. ಕಾರಿನಿಂದಿಳಿದ ತಂಡದವರು ಅಲ್ಲಿಂದಲೇ ಎಣಿಸಿದ್ದರು.

"ಸಾರ್, ನೀವು ಅಗೆದಿರೋದು ಮೂವತ್ಮೂರಲ್ಲ, ಒಂಬತ್ತು. ಕಾಲುವೆ ತಲೆ ಮೇಲೇ ಅಗೆದಿದ್ದೀರಿ" ಎಂದರು ಅಕ್ಕ. ತಂಡದ ಕಿರಿಯ ಎಂಜಿನಿಯರ್ ನಕ್ಕರಂತೆ: "ಅಕ್ಕಾ, ಪುಸ್ತಕಕ್ಕಿಂತ ನಿಮಗೆ ಜಾಸ್ತಿ ಗೊತ್ತಾ?"

ಅಕ್ಕ ಮಾರನೇ ದಿನ ಮಾವನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಕೆಲಸ ಬಿಟ್ಟ ಮೇಲೆ ಅವರು ರನ್‌ವೇ ಮೆಟ್ಟಿರಲಿಲ್ಲ. ಪಶ್ಚಿಮದ ತುದಿಯಲ್ಲಿ ಇಳಿದು, ಸೊಸೆಯ ಭುಜ ಹಿಡಿದು, ದೀಪದಿಂದ ದೀಪಕ್ಕೆ ನಡೆದರು. ಒಂಬತ್ತರ ಬಳಿ ನಿಂತು ಕೋಲು ಕುಟ್ಟಿದರು. "ಈ ಕಾಲುವೆ ತೋಡುವಾಗ ನಾನೇ ಇಲ್ಲಿ ನಿಂತಿದ್ದೆ ಕಣಪ್ಪಾ. ಎಲ್ಲಿಂದ ಎಣಿಸಬೇಕು ಅಂತ ಪುಸ್ತಕದಲ್ಲಿ ಬರೀಲಿಲ್ಲ. ನಮಗೆಲ್ಲ ಗೊತ್ತಿತ್ತಲ್ಲ, ಅದಕ್ಕೆ."

ಅವರ ಕೋಲಿನ ಮುಂದೆಯೇ ಇತ್ತು ಆ ನೀರಿನ ಗುಂಡಿ. ಬೆಟ್ಟ ಅಗೆದು ಇಲಿ ಹಿಡಿದವರ ಕತೆ ಕೇಳಿದ್ದೆವು, ಇವರು ಕಾಲುವೆ ಅಗೆದು ನೀರು ಹಿಡಿದಿದ್ದರು!

ತಂಡ ಪಶ್ಚಿಮದಿಂದ ಎಣಿಸಿ ಹೊಸದಾಗಿ ಅಗೆಯಿತು. ನಿಜವಾದ ಮೂವತ್ಮೂರರಲ್ಲಿ ಸಿಕ್ಕಿದ್ದು ಗುದ್ದಲಿಗೆ ಬಗ್ಗದ ಒಣನೆಲ. ವರದಿ ಬದಲಾಯಿತು. ಕಳೆದ ತಿಂಗಳು ಒಪ್ಪಿಗೆಯಾದ ಯೋಜನೆಯಲ್ಲಿ ರನ್‌ವೇ ಉಳಿದಿದೆ, ರೋಗಿಗಳನ್ನು ಒಯ್ಯುವ ವಿಮಾನಕ್ಕೆ ಜಾಗವಿದೆ, ಸೇನೆಯ ಹಳೆಯ ಶೆಡ್ಡಿನಲ್ಲಿ ಅಗ್ನಿಶಾಮಕ ತರಬೇತಿ ಶಾಲೆ ಬರಲಿದೆ. ಕಿರಿಯ ಎಂಜಿನಿಯರ್ ಈಗ ಅಕ್ಕನನ್ನು ಕೇಳದೆ ಒಂದು ಗೂಟವನ್ನೂ ನೆಡುವುದಿಲ್ಲ.

ನೂರಿಪ್ಪತ್ತು ಪುಟದ ಆ ಯೋಜನೆಯನ್ನು ನಾನು ಓದಿದೆ. ಅಕ್ಕನ ಸುದ್ದಿ ಒಂದು ಸಾಲಿನಲ್ಲೂ ಇಲ್ಲ. ನನಗೆ ಸಿಟ್ಟು ಬಂತು, ಅಕ್ಕನಿಗೆ ಬರಲಿಲ್ಲ. "ನನ್ನ ಹೆಸರು ಹಾಕಿ ಏನ್ ಮಾಡ್ತಾರೆ? ನಕ್ಷೇಲಿ ಒಂದು ಬಾಣದ ಗುರುತು ಹಾಕಿ ಅಂತ ಕೇಳಿದ್ದೀನಿ. ಎಣಿಕೆ ಎಲ್ಲಿಂದ ಶುರು ಅಂತ ಗೊತ್ತಾಗಬೇಕು. ನಾಳೆ ನಾನಿಲ್ಲದಾಗ ಬರೋರು ತಪ್ಪಬಾರದಲ್ವಾ?"

ಬಾಣ ಹಾಕಿದರೇ ಎಂದೆ. ಅಕ್ಕ ಕೊನೆಯ ದೀಪ ಒರೆಸಿ, ಬಟ್ಟೆ ಹಿಂಡಿ, ಎದ್ದು ನಿಂತರು.

"ಹಾಕಿದ್ರು. ಈಗ ಎಲ್ಲಿಂದ ಎಣಿಸ್ತಾರೆ ಅಂತ ಮಾವ ಕೇಳಿದ್ರು. ನಿಮ್ಮ ಕಡೆಯಿಂದಾನೇ ಮಾವ ಅಂದೆ. ಆವತ್ತು ಎರಡು ತುತ್ತು ಜಾಸ್ತಿ ಊಟ ಮಾಡಿದ್ರು."